ಅರವತ್ತು ಎಂಬ ಅಂಕಿ ಎಲ್ಲಿಂದ ಬಂತು

ನಾನು ಮೂರು ದಶಕಗಳಿಗೂ ಹೆಚ್ಚು ಕಾಲ ವಿಮಾನ ಹಾರಿಸಿದವನು. ಅದರ ಕೊನೆಯ ಭಾಗವನ್ನು ಒಂದು ಉದ್ಯಮ ಸಮೂಹದ ಸ್ವಂತ ವಿಮಾನ ವಿಭಾಗದಲ್ಲಿ ಕ್ಯಾಪ್ಟನ್ ಆಗಿ ಕಳೆದೆ. 2022ರಲ್ಲಿ, ನನಗೆ ಐವತ್ತೊಂಬತ್ತು ತುಂಬಿದ ಸ್ವಲ್ಪ ದಿನಕ್ಕೆ, ಕಂಪನಿಯ ಎಚ್‌ಆರ್ ವಿಭಾಗದಿಂದ ಒಂದು ಪುಟದ ಪತ್ರ ಬಂತು. ಮುಂದಿನ ವರ್ಷ ಅರವತ್ತು ತುಂಬುವ ತಿಂಗಳ ಕೊನೆಯ ದಿನ ನನ್ನನ್ನು ‘ನಿಯಮಾನುಸಾರ’ ಸೇವೆಯಿಂದ ನಿವೃತ್ತಿಗೊಳಿಸಲಾಗುವುದೆಂದೂ, ಬಾಕಿ ಉಳಿದ ರಜೆಯನ್ನು ಅಷ್ಟರೊಳಗೆ ಬಳಸಿಕೊಳ್ಳಬಹುದೆಂದೂ ಅದರಲ್ಲಿತ್ತು. ಯಾವ ನಿಯಮ ಎಂಬುದು ಮಾತ್ರ ಇರಲಿಲ್ಲ. ಅದೊಂದನ್ನು ತಿಳಿದುಕೊಳ್ಳಲು ಹೊರಟದ್ದೇ ಮುಂದಿನ ಎಲ್ಲ ಓಡಾಟಕ್ಕೂ ಕಾರಣವಾಯಿತು. ಇದೇ ವೃತ್ತಿಯಲ್ಲಿದ್ದು ಐವತ್ತು ದಾಟಿದ ಕೆಲವರು ಆಗಾಗ ಫೋನ್ ಮಾಡಿ ಏನೇನು ಮಾಡಿದಿರಿ ಎಂದು ಕೇಳುತ್ತಾರೆ. ಪ್ರತಿಯೊಬ್ಬರಿಗೂ ಅರ್ಧಂಬರ್ಧ ಹೇಳುವ ಬದಲು ಒಮ್ಮೆ ಪೂರ್ತಿಯಾಗಿ ಬರೆದಿಡುವುದು ಲೇಸೆನಿಸಿತು.

ಕಾರ್ಪೊರೇಟ್ ಪೈಲಟ್ ಎಂದರೆ ಏನೆಂದು ಮೊದಲು ಹೇಳಬೇಕು, ಏಕೆಂದರೆ ಪೈಲಟ್ ಎಂದೊಡನೆ ಎಲ್ಲರ ಕಣ್ಣಿಗೂ ಟಿಕೆಟ್ ಕೊಂಡು ಹತ್ತುವ ದೊಡ್ಡ ವಿಮಾನವೇ ಕಾಣುತ್ತದೆ. ನಮ್ಮ ಕಂಪನಿಯದು ಬೀಚ್‌ಕ್ರಾಫ್ಟ್ ಕಿಂಗ್ ಏರ್ ಬಿ200, ಎರಡು ಟರ್ಬೊಪ್ರಾಪ್ ಎಂಜಿನ್ನುಗಳ ಪುಟ್ಟ ವಿಮಾನ. ಅದನ್ನು ಬಾಡಿಗೆಗೆ ಬಿಡುತ್ತಿರಲಿಲ್ಲ. ಖಾಸಗಿ ವರ್ಗದಲ್ಲಿ ನೋಂದಣಿಯಾಗಿದ್ದ ಅದರಲ್ಲಿ ಕಂಪನಿಯ ಅಧ್ಯಕ್ಷರು, ನಿರ್ದೇಶಕರು, ಒಮ್ಮೊಮ್ಮೆ ಯಂತ್ರ ರಿಪೇರಿಗೆ ಹೊರಟ ಎಂಜಿನಿಯರುಗಳು ಓಡಾಡುತ್ತಿದ್ದರು. ವಿಮಾನ ನಿಲ್ಲುತ್ತಿದ್ದುದು ಬೆಂಗಳೂರಿನ ಎಚ್‌ಎಎಲ್ ನಿಲ್ದಾಣದಲ್ಲಿ. 2008ರಲ್ಲಿ ದೇವನಹಳ್ಳಿಯ ನಿಲ್ದಾಣ ಆರಂಭವಾಗಿ ನಿತ್ಯದ ಪ್ರಯಾಣಿಕ ವಿಮಾನಗಳೆಲ್ಲ ಅಲ್ಲಿಗೆ ಹೋದ ಮೇಲೆ ಇಂಥ ಸಣ್ಣ ವಿಮಾನಗಳಿಗೆ ಅದು ಅನುಕೂಲವಾಗಿತ್ತು. ಕಾರ್ಖಾನೆ ನಂಜನಗೂಡಿನ ಕಡೆ ಇದ್ದುದರಿಂದ ಮಂಡಕಳ್ಳಿಯ ಮೈಸೂರು ನಿಲ್ದಾಣಕ್ಕೆ ಆಗಾಗ ಬರುತ್ತಿದ್ದೆವು. 1,740 ಮೀಟರ್ ಉದ್ದದ ಆ ರನ್‌ವೇ ದೊಡ್ಡ ಜೆಟ್‌ಗಳಿಗೆ ಸಾಲದು, ಕಿಂಗ್ ಏರ್‌ಗೆ ಧಾರಾಳ. ನನ್ನ ಮನೆ ಕುವೆಂಪುನಗರದಲ್ಲಿ. ಹಾರಾಟ ಮೈಸೂರಿನಲ್ಲಿ ಮುಗಿದ ದಿನ ಊಟದ ಹೊತ್ತಿಗೆ ಮನೆಯಲ್ಲಿರುತ್ತಿದ್ದೆ ಎಂಬುದೇ ಈ ಕೆಲಸದ ದೊಡ್ಡ ಸುಖವಾಗಿತ್ತು.

ವಿಭಾಗದಲ್ಲಿ ನಾವು ಬೆರಳೆಣಿಕೆಯ ಪೈಲಟ್‌ಗಳು ಮತ್ತು ಎಂಜಿನಿಯರುಗಳು. ಹಿಂದಿನ ಆಸನದಲ್ಲಿ ಕೂರುವವರಿಗೆ ನಮ್ಮ ಹೆಸರು, ಮನೆಯ ಸಮಾಚಾರ, ಯಾರು ಮಳೆಗಾಲದಲ್ಲಿ ಹೇಗೆ ಇಳಿಸುತ್ತಾರೆ ಎಂಬುದೆಲ್ಲ ಗೊತ್ತು. ಸಾವಿರಾರು ಪೈಲಟ್‌ಗಳಿರುವ ವಿಮಾನಯಾನ ಸಂಸ್ಥೆ ಒಬ್ಬೊಬ್ಬರನ್ನೂ ತೂಗಿ ನೋಡಲಾಗದೆ ಒಂದು ಗೆರೆ ಎಳೆದರೆ ಅದರ ಕಷ್ಟ ಅರ್ಥವಾಗುತ್ತದೆ. ನಮ್ಮಂಥ ವಿಭಾಗಕ್ಕೆ ಆ ಕಷ್ಟವಿಲ್ಲ. ಹೀಗಿದ್ದೂ ಅಲ್ಲೂ ಗೆರೆಯೇ ಎದುರಾದುದು ನನಗೆ ಮೊದಲಿನಿಂದಲೂ ಸೋಜಿಗವೆನಿಸಿತು.

ನಾನು ಬೆಂಗಳೂರಿನ ಕಚೇರಿಗೆ ಹೋಗಿ ಎಚ್‌ಆರ್ ಅಧಿಕಾರಿಯನ್ನು ಕಂಡೆ. ನನ್ನ ಮಗನ ವಯಸ್ಸಿನವರು, ಸೌಜನ್ಯದವರು. “ಸರ್, ಇದು ನಮ್ಮ ತೀರ್ಮಾನ ಅಲ್ಲ, ಡಿಜಿಸಿಎ ರೂಲ್ ಅಲ್ಲವೇ? ಪೈಲಟ್‌ಗಳಿಗೆ ಅರವತ್ತು ಅಂತ ಕೇಳಿದ್ದೇನೆ” ಎಂದರು. ಡಿಜಿಸಿಎ ಎಂದರೆ ದೇಶದ ನಾಗರಿಕ ವಿಮಾನಯಾನವನ್ನು ನಿಯಂತ್ರಿಸುವ ಸರ್ಕಾರಿ ನಿರ್ದೇಶನಾಲಯ. ಆಗ ಜಾರಿಯಲ್ಲಿದ್ದ 1937ರ ವಿಮಾನ ನಿಯಮಾವಳಿಯ 28ಎ ನಿಯಮವನ್ನು ನಾನು ಮುದ್ರಿಸಿಕೊಂಡೇ ಹೋಗಿದ್ದೆ. ಅದು ಹೇಳುವುದು ವಾಣಿಜ್ಯ ವಾಯು ಸಾರಿಗೆಯಲ್ಲಿ ತೊಡಗಿದ ವಿಮಾನಗಳ ವಿಚಾರ. ಅಲ್ಲಿಯೂ ಮಿತಿ ಅರವತ್ತೈದು, ಅರವತ್ತು ದಾಟಿದವರು ಇಬ್ಬರು ಪೈಲಟ್‌ಗಳಿರುವ ವಿಮಾನದಲ್ಲಿ ಮಾತ್ರ ಹಾರಿಸಬೇಕು ಎಂಬ ಷರತ್ತು. ನಮ್ಮದು ಬಾಡಿಗೆಯ ವಿಮಾನವಲ್ಲ, ನಾವು ಇಬ್ಬರಿಲ್ಲದೆ ಹಾರುತ್ತಲೂ ಇರಲಿಲ್ಲ. ಅವರು ಅದನ್ನು ಓದಿ, ನಕಲನ್ನು ಇಟ್ಟುಕೊಂಡು, ಮೇಲಿನವರಿಗೆ ತಿಳಿಸುವುದಾಗಿ ಹೇಳಿದರು. ಅವರು ತಿಳಿಸಿದ್ದೂ ನಿಜ.

ಅವರು ಅರವತ್ತು ಎಂದುಕೊಂಡದ್ದರಲ್ಲಿ ಆಶ್ಚರ್ಯವೇನಿಲ್ಲ, ಏಕೆಂದರೆ ನಮ್ಮ ವೃತ್ತಿಯಲ್ಲಿ ಆ ಅಂಕಿಗೆ ದೀರ್ಘ ಇತಿಹಾಸವಿದೆ. ಅಮೆರಿಕದ ಫೆಡರಲ್ ಏವಿಯೇಷನ್ ಏಜೆನ್ಸಿಯ ಮೊದಲ ಮುಖ್ಯಸ್ಥ ಎಲ್ವುಡ್ ಕ್ವೆಸಾಡಾ 1959ರಲ್ಲಿ ವಿಮಾನಯಾನ ಸಂಸ್ಥೆಗಳ ಪೈಲಟ್‌ಗಳಿಗೆ ಅರವತ್ತರ ಮಿತಿ ವಿಧಿಸಿದರು. 1960ರ ಮಾರ್ಚ್‌ನಲ್ಲಿ ಅದು ಜಾರಿಗೆ ಬಂತು. ಹೊಸದಾಗಿ ಜೆಟ್ ವಿಮಾನಗಳು ಬರುತ್ತಿದ್ದ ಕಾಲ ಅದು. ಸುರಕ್ಷತೆಯ ಕಾರಣವನ್ನು ಹೇಳಲಾಯಿತಾದರೂ, ಆ ಹೊತ್ತಿಗೆ ಅಮೆರಿಕನ್ ಏರ್‌ಲೈನ್ಸ್ ತನ್ನ ಪೈಲಟ್‌ಗಳ ನಿವೃತ್ತಿ ವಯಸ್ಸಿನ ಬಗ್ಗೆ ಅವರ ಸಂಘದೊಡನೆ ಜಗಳದಲ್ಲಿತ್ತು ಮತ್ತು ಅದರ ಮುಖ್ಯಸ್ಥ ಸಿ.ಆರ್. ಸ್ಮಿತ್ ಈ ವಿಷಯವಾಗಿ ಕ್ವೆಸಾಡಾ ಅವರಿಗೆ ಪತ್ರ ಬರೆದಿದ್ದರು. ಅಧಿಕಾರ ಬಿಟ್ಟ ಮೇಲೆ ಕ್ವೆಸಾಡಾ ಅದೇ ಸಂಸ್ಥೆಯ ನಿರ್ದೇಶಕ ಮಂಡಳಿ ಸೇರಿದರು. ಇದರಿಂದ ಏನನ್ನು ಊಹಿಸಬೇಕೆಂಬುದು ಓದುವವರಿಗೆ ಬಿಟ್ಟದ್ದು. ನನಗಂತೂ ವೈದ್ಯಕೀಯ ವಿಜ್ಞಾನದಷ್ಟೇ ಆಡಳಿತ ವರ್ಗದ ಅನುಕೂಲವೂ ಆ ಅಂಕಿಯ ಹಿಂದೆ ಇದ್ದಂತೆ ತೋರುತ್ತದೆ. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ 2006ರ ನವೆಂಬರಿನಲ್ಲಿ ಮಿತಿಯನ್ನು ಅರವತ್ತೈದಕ್ಕೆ ಏರಿಸಿತು. ಜೊತೆಯ ಪೈಲಟ್ ಅರವತ್ತರೊಳಗಿನವರಾಗಿರಬೇಕೆಂಬ ಷರತ್ತನ್ನು 2014ರಲ್ಲಿ ತೆಗೆದುಹಾಕಿತು. ಅಮೆರಿಕ 2007ರ ಡಿಸೆಂಬರಿನಲ್ಲಿ ಅರವತ್ತೈದಕ್ಕೆ ಬಂತು. ಜಪಾನ್ ಇನ್ನೂ ಮುಂದೆ ಹೋಗಿ ಅರವತ್ತೇಳು ತುಂಬಿದವರಿಗೂ ಅವಕಾಶ ಕೊಟ್ಟಿದೆ. ಈ ಯಾವುದೂ ಕಂಪನಿಯ ಸ್ವಂತ ವಿಮಾನಕ್ಕೆಂದು ಬರೆದ ನಿಯಮವಲ್ಲ. ಅಮೆರಿಕದಲ್ಲಿ ಸ್ವಂತ ಕೆಲಸಕ್ಕೆ ವಿಮಾನ ಇಟ್ಟುಕೊಂಡ ಕಂಪನಿಗಳ ಪೈಲಟ್‌ಗಳಿಗೆ ಸರ್ಕಾರ ವಯಸ್ಸಿನ ಗರಿಷ್ಠ ಮಿತಿಯನ್ನೇ ಇಟ್ಟಿಲ್ಲ. ನಾನು ಪತ್ರ ವ್ಯವಹಾರದಲ್ಲಿ ಮುಳುಗಿದ್ದ 2022ರ ಡಿಸೆಂಬರಿನಲ್ಲಿಯೇ ಅಲ್ಲಿನ ಸಂಸತ್ತು, ವರ್ಷಕ್ಕೆ ಎಪ್ಪತ್ತೈದು ಸಾವಿರಕ್ಕೂ ಹೆಚ್ಚು ಜೆಟ್ ಹಾರಾಟ ನಡೆಸುವ ದೊಡ್ಡ ಬಾಡಿಗೆ ಸಂಸ್ಥೆಗಳಿಗೆ ಮತ್ತು ಒಂದು ವಿಮಾನವನ್ನು ಹಲವರು ಪಾಲಿನಲ್ಲಿ ಹೊಂದುವ ಸಂಸ್ಥೆಗಳಿಗೆ ಮಾತ್ರ ಎಪ್ಪತ್ತರ ಮಿತಿಯನ್ನು ಅನ್ವಯಿಸಲು ದಾರಿ ಮಾಡಿಕೊಟ್ಟಿತು.

ಇಷ್ಟನ್ನೂ ಸೇರಿಸಿ ಎರಡು ಪುಟದ ಮನವಿ ಬರೆದೆ. ಉತ್ತರ ಬರಲು ಒಂದು ತಿಂಗಳಿಗೂ ಹೆಚ್ಚು ಹಿಡಿಯಿತು, ಮತ್ತು ಬಂದ ಉತ್ತರದಲ್ಲಿ ಕಾರಣ ಬದಲಾಗಿತ್ತು: ಅರವತ್ತು ದಾಟಿದ ಪೈಲಟ್ ಹಾರಿಸಿದರೆ ವಿಮಾನದ ವಿಮೆ ಊರ್ಜಿತವಾಗಿರುವುದಿಲ್ಲ ಎಂದು.

ವಿಮೆಯ ಮಾತು ಬಂದರೆ ಪೈಲಟ್‌ಗಳು ಸಾಮಾನ್ಯವಾಗಿ ಸುಮ್ಮನಾಗುತ್ತಾರೆ. ಪಾಲಿಸಿಯನ್ನು ನಾವು ಕಣ್ಣಿನಿಂದ ನೋಡಿರುವುದಿಲ್ಲ. ಅದು ಹಣಕಾಸು ವಿಭಾಗದ ಕಪಾಟಿನಲ್ಲಿರುವ ವಸ್ತು. ಆದರೆ ಪ್ರತಿ ವರ್ಷ ನವೀಕರಣದ ಹೊತ್ತಿಗೆ ನಮ್ಮ ಹಾರಾಟದ ಗಂಟೆ, ಲೈಸೆನ್ಸ್, ಮೆಡಿಕಲ್‌ಗಳ ವಿವರವನ್ನು ತುಂಬಿ ಕೊಡುತ್ತಿದ್ದವನು ನಾನೇ ಆದ್ದರಿಂದ ಆ ಪಾಲಿಸಿಯ ಪೈಲಟ್ ಷರತ್ತನ್ನು ತೋರಿಸಿ ಎಂದು ಕೇಳುವ ಧೈರ್ಯ ನನಗಿತ್ತು. ಹಣಕಾಸು ವಿಭಾಗದಲ್ಲಿ ಮಂಡ್ಯದ ಹಿರಿಯರೊಬ್ಬರಿದ್ದರು. ಲೆಕ್ಕಪತ್ರದಲ್ಲಿ ಕಟ್ಟುನಿಟ್ಟು, ಮಾತಿನಲ್ಲಿ ನೇರ. “ಕ್ಯಾಪ್ಟನ್ನೋರೆ, ಪಾಲಿಸಿ ಮನೆಗೆ ಕೊಡಕ್ಕಾಗಲ್ಲ, ಇಲ್ಲೇ ಕೂತ್ಕೊಂಡು ಓದ್ಕೊಳಿ” ಎಂದು ಕಡತವನ್ನು ನನ್ನ ಮುಂದಿಟ್ಟರು. ಚಾಲ್ತಿಯಲ್ಲಿರುವ ಲೈಸೆನ್ಸ್, ಚಾಲ್ತಿಯಲ್ಲಿರುವ ವೈದ್ಯಕೀಯ ಪ್ರಮಾಣಪತ್ರ, ಆ ಮಾದರಿಯ ವಿಮಾನದಲ್ಲಿ ಇಂತಿಷ್ಟು ಗಂಟೆಗಳ ಅನುಭವ: ಪೈಲಟ್‌ನಿಂದ ಆ ಪಾಲಿಸಿ ಬಯಸುತ್ತಿದ್ದುದು ಇಷ್ಟನ್ನೇ. ವಯಸ್ಸಿನ ಕಲಮು ಇರಲಿಲ್ಲ. ಎಲ್ಲ ಪಾಲಿಸಿಗಳೂ ಹೀಗೇ ಇರುತ್ತವೆಂದು ನಾನು ಹೇಳುವುದಿಲ್ಲ; ವಿಮೆಗಾರರು ವಯಸ್ಸು ನೋಡಿ ಕಂತು ಹೆಚ್ಚಿಸುವುದೂ ಷರತ್ತು ಹಾಕುವುದೂ ಉಂಟು. ಆದ್ದರಿಂದ ಕಂಪನಿಯ ಮೂಲಕವೇ ವಿಮಾ ಮಧ್ಯವರ್ತಿಗೆ ಒಂದು ಲಿಖಿತ ಪ್ರಶ್ನೆ ಕಳುಹಿಸುವಂತೆ ಕೋರಿದೆ. ಈಗಿನ ಷರತ್ತುಗಳನ್ನು ಪೂರೈಸುವವರೆಗೆ ಅಭ್ಯಂತರವಿಲ್ಲ ಎಂಬ ಉತ್ತರ ಬಂತು. ಆ ಕಾರಣವೂ ಅಲ್ಲಿಗೆ ಮುಗಿಯಿತು.

ಮೂರನೆಯ ಕಾರಣವನ್ನು ಯಾರೂ ಬರೆದು ಕೊಡಲಿಲ್ಲ, ಆದರೆ ಅದೇ ನಿಜವಾಗಿ ಉತ್ತರ ಕೊಡಬೇಕಾದ ಪ್ರಶ್ನೆಯಾಗಿತ್ತು. ಮಂಡಕಳ್ಳಿಯಲ್ಲಿ ಇಳಿದು ಕಾರಿನ ಕಡೆ ನಡೆಯುತ್ತಿದ್ದಾಗ ನಿರ್ದೇಶಕರೊಬ್ಬರು ನನ್ನನ್ನು ಪಕ್ಕಕ್ಕೆ ಕರೆದು, “ತಪ್ಪು ತಿಳಿಯಬೇಡಿ, ಮೇಲೆ ಇರುವಾಗ ನಿಮಗೇನಾದರೂ ಆದರೆ ನಮ್ಮ ಗತಿ ಏನು?” ಎಂದು ಕೇಳಿದರು. ಅವರ ಅಳಿಯನಿಗೆ ಆಗಷ್ಟೇ ಎದೆನೋವು ಬಂದು ಜಯದೇವ ಆಸ್ಪತ್ರೆಯಲ್ಲಿ ಸ್ಟೆಂಟ್ ಹಾಕಿದ್ದರು. ಆ ಅಳಿಯನಿಗೆ ನಲವತ್ತಾರು ವರ್ಷ.

ವಯಸ್ಸಾದಂತೆ ಹೃದಯಾಘಾತದ, ಪಾರ್ಶ್ವವಾಯುವಿನ ಸಂಭವ ಹೆಚ್ಚುತ್ತದೆ ಎಂಬುದು ನಿರ್ವಿವಾದ. ಅದನ್ನು ಅಲ್ಲಗಳೆಯುವ ಪೈಲಟ್‌ನನ್ನು ನಾನು ನಂಬುವುದಿಲ್ಲ. ಆದರೆ ವೈಮಾನಿಕ ವೈದ್ಯಶಾಸ್ತ್ರ ಈ ಪ್ರಶ್ನೆಯನ್ನು ಬಹಳ ಹಿಂದೆಯೇ ಲೆಕ್ಕಕ್ಕೆ ತಂದಿದೆ. ಇಬ್ಬರು ಪೈಲಟ್‌ಗಳಿರುವ ವಿಮಾನದಲ್ಲಿ ಒಬ್ಬನು ಇದ್ದಕ್ಕಿದ್ದಂತೆ ಅಶಕ್ತನಾಗುವ ಸಂಭವ ವರ್ಷಕ್ಕೆ ಶೇಕಡಾ ಒಂದನ್ನು ಮೀರದಿದ್ದರೆ ಅದನ್ನು ಸಹಿಸಬಹುದಾದ ಅಪಾಯವೆಂದು ಹಲವು ದೇಶಗಳ ವೈದ್ಯರು ಎಣಿಸುತ್ತಾರೆ; ‘ಒಂದು ಶೇಕಡಾ ನಿಯಮ’ ಎಂದೇ ಅದಕ್ಕೆ ಹೆಸರು. ಇಬ್ಬರಲ್ಲಿ ಒಬ್ಬನು ಕುಸಿದರೆ ಇನ್ನೊಬ್ಬನು ಹೇಗೆ ವಿಮಾನವನ್ನು ಕೈಗೆ ತೆಗೆದುಕೊಳ್ಳಬೇಕು ಎಂಬುದು ನಮ್ಮ ತರಬೇತಿಯ ಭಾಗ. ಒಮ್ಮೆ ಕರೆದಾಗ ಉತ್ತರ ಬರದಿದ್ದರೆ ಮತ್ತೊಮ್ಮೆ ಕರೆಯಬೇಕು, ಎರಡನೆಯ ಕರೆಗೂ ತಕ್ಕ ಉತ್ತರ ಬಾರದಿದ್ದರೆ ಕಾಯದೆ ನಿಯಂತ್ರಣ ವಹಿಸಿಕೊಳ್ಳಬೇಕು. ಕುಸಿಯುವವನು ಅರವತ್ತೊಂದರವನೋ ನಲವತ್ತಾರರವನೋ ಎಂದು ಆ ಕ್ರಮ ನೋಡುವುದಿಲ್ಲ. ಅಪಾಯ ತೀರಾ ಹೆಚ್ಚುವುದು ಒಬ್ಬನೇ ಹಾರಿಸುವಾಗ. ಕಿಂಗ್ ಏರ್ ಬಿ200 ವಿಮಾನವನ್ನು ತಯಾರಕರು ಒಬ್ಬ ಪೈಲಟ್‌ಗೂ ಸಾಕೆಂದೇ ಪ್ರಮಾಣೀಕರಿಸಿಕೊಂಡಿದ್ದರೂ ನಮ್ಮಲ್ಲಿ ಕೋ-ಪೈಲಟ್ ಕೂರುವ ಬಲ ಆಸನ ಎಂದೂ ಖಾಲಿ ಇರುತ್ತಿರಲಿಲ್ಲ.

ನಿರ್ದೇಶಕರಿಗೆ ಇದನ್ನೆಲ್ಲ ನಿಂತ ಜಾಗದಲ್ಲಿ ವಿವರಿಸಲಾಗಲಿಲ್ಲ. ಮುಂದಿನ ಮೆಡಿಕಲ್ ಅನ್ನು ಡಿಜಿಸಿಎ ಪಟ್ಟಿಯ ಖಾಸಗಿ ವೈದ್ಯರಲ್ಲಿ ಮಾಡಿಸದೆ, ಬೆಂಗಳೂರಿನ ಹಳೆ ವಿಮಾನ ನಿಲ್ದಾಣ ರಸ್ತೆಯಲ್ಲಿರುವ ವಾಯುಪಡೆಯ ಇನ್‌ಸ್ಟಿಟ್ಯೂಟ್ ಆಫ್ ಏರೋಸ್ಪೇಸ್ ಮೆಡಿಸಿನ್‌ನಲ್ಲಿಯೇ ಮಾಡಿಸಿಕೊಳ್ಳುತ್ತೇನೆ, ಅದರ ಫಲಿತಾಂಶವನ್ನು ಕಂಪನಿಗೆ ಕೊಡುತ್ತೇನೆ ಎಂದಷ್ಟೇ ಹೇಳಿದೆ. ನನ್ನ ವೈದ್ಯಕೀಯ ವಿವರ ನನ್ನ ಸ್ವಂತದ್ದು, ಕೊಡಬೇಕೆಂಬ ಕಟ್ಟಳೆ ಏನೂ ಇರಲಿಲ್ಲ. ಮನೆಯಲ್ಲಿ ಇದಕ್ಕೆ ಆಕ್ಷೇಪ ಬಂತು. “ಅಲ್ಲಾ ರೀ, ಅವರು ಕೇಳದೇ ಇದ್ದರೂ ನೀವೇ ಹೋಗಿ ಪರೀಕ್ಷೆ ಕೊಡ್ತೀರಲ್ಲ, ಏನಾದರೂ ಸಣ್ಣದು ಕಂಡರೆ ಅದನ್ನೇ ಹಿಡ್ಕೋತಾರೆ” ಎಂದಳು ನನ್ನ ಹೆಂಡತಿ. ಅವಳ ಮಾತಿನಲ್ಲಿ ಹುರುಳಿತ್ತು. ಆದರೂ ಒಬ್ಬೊಬ್ಬರನ್ನೂ ಪರೀಕ್ಷಿಸಿ ನೋಡಿ ಎಂದು ವಾದಿಸುವವನು ಪರೀಕ್ಷೆಗೆ ಹಿಂಜರಿಯುವುದು ಹೇಗೆ?

ವಾಯುಪಡೆಯ ಆ ಸಂಸ್ಥೆಯಲ್ಲಿ ಪರೀಕ್ಷೆಯೆಂದರೆ ಬೆಳಗಿನಿಂದ ಕೋಣೆಯಿಂದ ಕೋಣೆಗೆ ಅಲೆಯುವುದು. ಖಾಲಿ ಹೊಟ್ಟೆಯಲ್ಲಿ ರಕ್ತ ಕೊಡಬೇಕು; ಸಕ್ಕರೆ, ಕೊಲೆಸ್ಟರಾಲ್, ಮೂತ್ರಪಿಂಡದ ಕೆಲಸ ಎಲ್ಲವೂ ಅದರಲ್ಲೇ ತಿಳಿಯಬೇಕು. ಶ್ರವಣ ಪರೀಕ್ಷೆಯ ಮುಚ್ಚಿದ ಪೆಟ್ಟಿಗೆಯಂಥ ಕೋಣೆಯಲ್ಲಿ ಕೂತು ಎತ್ತರದ ಸ್ವರಗಳಿಗೆ ಕಿವಿಗೊಡುವಾಗ, ಎಂಜಿನ್ನುಗಳ ಸದ್ದಿನಲ್ಲಿ ಕಳೆದ ವರ್ಷಗಳು ಕಾಗದದ ಮೇಲೆ ಇಳಿಮುಖದ ಗೆರೆಯಾಗಿ ಮೂಡುತ್ತವೆ. ನನ್ನ ಗೆರೆ ಇಳಿದಿತ್ತು, ಮಿತಿಯೊಳಗಿತ್ತು. ಕಣ್ಣಿನ ವಿಭಾಗದಲ್ಲಿ ಓದುವ ಕನ್ನಡಕದ ಸಂಖ್ಯೆ ಸ್ವಲ್ಪ ಏರಿತು. ಕನ್ನಡಕ ಧರಿಸಿಯೇ ಹಾರಿಸಬೇಕು, ಜೊತೆಗೆ ಇನ್ನೊಂದು ಕನ್ನಡಕವನ್ನು ಇಟ್ಟುಕೊಂಡಿರಬೇಕು ಎಂಬ ಷರತ್ತು ನನ್ನ ಪ್ರಮಾಣಪತ್ರದಲ್ಲಿ ಹಲವು ವರ್ಷಗಳಿಂದ ಇತ್ತು. ಟ್ರೆಡ್‌ಮಿಲ್ ಪರೀಕ್ಷೆಯೇ ಎಲ್ಲರೂ ಅಂಜುವಂಥದ್ದು: ಮೂರು ನಿಮಿಷಕ್ಕೊಮ್ಮೆ ಪಟ್ಟಿಯ ವೇಗವೂ ಏರೂ ಹೆಚ್ಚುತ್ತ ಹೋಗುತ್ತವೆ, ಎದೆಗೆ ಅಂಟಿಸಿದ ತಂತಿಗಳು ಹೃದಯದ ಒಂದೊಂದು ಬಡಿತವನ್ನೂ ಬರೆಯುತ್ತವೆ, ಎದುರಿಗೆ ಕೂತ ವೈದ್ಯರ ಮುಖದಲ್ಲಿ ಯಾವ ಭಾವವೂ ಇರುವುದಿಲ್ಲ. ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಬೆಳಗಿನ ನಡಿಗೆ ತಪ್ಪಿಸದ ಅಭ್ಯಾಸ ಆ ದಿನ ಕೈಹಿಡಿಯಿತು. ಸಂಜೆಯ ಹೊತ್ತಿಗೆ ‘ಫಿಟ್’ ಎಂಬ ಒಂದು ಪದ ಸಿಕ್ಕಿತು.

ವೈದ್ಯರ ಪರೀಕ್ಷೆ ದೇಹದ್ದಾದರೆ ಕೌಶಲದ್ದು ಬೇರೆ. ಪರೀಕ್ಷಕರು ಪಕ್ಕದಲ್ಲಿ ಕೂತು, ಏರುತ್ತಿರುವ ವಿಮಾನದ ಒಂದು ಎಂಜಿನ್ನಿನ ಶಕ್ತಿಯನ್ನು ತಗ್ಗಿಸಿ, ವಿಮಾನ ಒಂದು ಕಡೆಗೆ ವಾಲುವಾಗ ನಾವು ಏನು ಮಾಡುತ್ತೇವೆಂದು ನೋಡುವ ಪರೀಕ್ಷೆ ಅದು. ಬಾಯಿಪಾಠವಾಗಿರಬೇಕಾದ ತುರ್ತು ಕ್ರಮಗಳನ್ನು ಪುಸ್ತಕ ತೆರೆಯದೆ ಹೇಳುತ್ತ ಮಾಡಬೇಕು. ಮುಂದಿನ ಪರೀಕ್ಷೆಯನ್ನು ಮೋಡದ ದಿನವೇ ಇಟ್ಟುಕೊಳ್ಳಿ, ಸ್ವಲ್ಪ ಬಿಗಿಯಾಗಿಯೇ ನೋಡಿ ಎಂದು ನಾನೇ ಕೇಳಿಕೊಂಡೆ. ಅವರು ನಕ್ಕು, “ಇಷ್ಟು ವರ್ಷ ಸಡಿಲವಾಗಿ ನೋಡಿದೆವು ಅಂತ ಅಂದುಕೊಂಡಿರಾ?” ಎಂದರು. ಇವೆರಡೂ ಕಾಗದಗಳನ್ನು ಮನವಿಗೆ ಲಗತ್ತಿಸಿದೆ.

ಆಗಲೇ ಎಚ್‌ಆರ್ ವಿಭಾಗದಿಂದ ನಿಜವಾದ ಉತ್ತರ ಬಂದದ್ದು. ಅರವತ್ತು ಎಂಬುದು ಸಮೂಹದ ಎಲ್ಲ ಅಧಿಕಾರಿಗಳಿಗೂ ಅನ್ವಯಿಸುವ ಸೇವಾ ಕೈಪಿಡಿಯ ನಿಯಮ, ಒಬ್ಬರಿಗಾಗಿ ಬದಲಿಸಲಾಗುವುದಿಲ್ಲ. ಆ ಕೈಪಿಡಿಯನ್ನು ತರಿಸಿಕೊಂಡು ನೋಡಿದಾಗ, ಮೊದಲು ಅದರಲ್ಲಿ ಐವತ್ತೆಂಟು ಎಂದಿದ್ದುದು ತಿಳಿಯಿತು. 2017ರಲ್ಲಿ ಕರ್ನಾಟಕ ಸರ್ಕಾರ ಮಾದರಿ ಸ್ಥಾಯಿ ಆದೇಶಗಳಿಗೆ, ಅಂದರೆ ಕೈಗಾರಿಕೆಗಳ ಸೇವಾ ಷರತ್ತುಗಳಿಗೆ ಸರ್ಕಾರ ಕೊಡುವ ಮಾದರಿಗೆ, ತಿದ್ದುಪಡಿ ತಂದು ಖಾಸಗಿ ಕೈಗಾರಿಕೆಗಳ ಕಾರ್ಮಿಕರ ನಿವೃತ್ತಿ ವಯಸ್ಸನ್ನು ಐವತ್ತೆಂಟರಿಂದ ಅರವತ್ತಕ್ಕೆ ಏರಿಸಿದಾಗ, ನಮ್ಮ ಸಮೂಹವೂ ಕಾರ್ಖಾನೆಯವರಿಗೆ ಅರವತ್ತು ಮಾಡಿ, ಅದೇ ಸುತ್ತೋಲೆಯಲ್ಲಿ ಕಚೇರಿಯವರಿಗೂ ವಿಮಾನ ವಿಭಾಗಕ್ಕೂ ಅದನ್ನೇ ವಿಸ್ತರಿಸಿತ್ತು. ಅಂದರೆ ನನ್ನನ್ನು ಕೆಳಗಿಳಿಸಲು ಹೊರಟಿದ್ದ ಅಂಕಿ ವಿಮಾನಯಾನದ ಯಾವ ಗ್ರಂಥದಿಂದಲೂ ಬಂದದ್ದಲ್ಲ. ಅದು ನಂಜನಗೂಡಿನ ಕಾರ್ಖಾನೆಯ ಸೂಚನಾ ಫಲಕದಿಂದ ಬಂದದ್ದು. ಡಿಜಿಸಿಎ, ವಿಮೆ, ಸುರಕ್ಷತೆ ಎಂಬ ಮಾತುಗಳೆಲ್ಲ ಮೂಲ ಮರೆತುಹೋದ ಮೇಲೆ ಅದಕ್ಕೆ ಹುಡುಕಿ ತೊಡಿಸಿದ ಸಮರ್ಥನೆಗಳು. ಯಾರೂ ಬೇಕೆಂದು ಸುಳ್ಳು ಹೇಳಿದರೆಂದು ನನಗನ್ನಿಸುವುದಿಲ್ಲ. ಇಂಥ ಅಂಕಿಗೆ ಕಾರಣ ಇದ್ದೇ ಇರುತ್ತದೆಂದು ಎಲ್ಲರೂ ನಂಬಿಕೊಂಡಿದ್ದರು.

ಸರಸ್ವತಿಪುರಂನಲ್ಲಿ ನನ್ನ ಕಾಲೇಜಿನ ಗೆಳೆಯರೊಬ್ಬರು ವಕೀಲರು. ಸೇವಾ ವಿವಾದಗಳನ್ನೇ ಹೆಚ್ಚಾಗಿ ನಡೆಸುವವರು. ಎಲ್ಲ ಕಾಗದಗಳನ್ನೂ ಅವರ ಮೇಜಿನ ಮೇಲಿಟ್ಟೆ. ಅವರು ಡಿಜಿಸಿಎ ನಿಯಮವನ್ನೂ ಮೆಡಿಕಲ್ ಅನ್ನೂ ಪಕ್ಕಕ್ಕೆ ಸರಿಸಿ, ಮೊದಲು ನೇಮಕಾತಿ ಪತ್ರವನ್ನು ಎತ್ತಿಕೊಂಡರು. ನಿವೃತ್ತಿ ವಯಸ್ಸು ಅದರಲ್ಲಿರಲಿಲ್ಲ. ಆದರೆ ‘ಕಾಲಕಾಲಕ್ಕೆ ತಿದ್ದುಪಡಿಯಾಗುವ ಕಂಪನಿಯ ನಿಯಮಗಳಿಗೆ ಒಳಪಟ್ಟು’ ಎಂಬ ಸಾಲಿತ್ತು. “ಗುರುವೇ, ನಿನ್ನ ಕೇಸು ಈ ಸಾಲಿನಲ್ಲಿದೆ, ಆಕಾಶದಲ್ಲಿಲ್ಲ” ಎಂದರು.

ಅವರು ಹೇಳಿದ್ದರ ಸಾರ ಇಷ್ಟು. ನೇಮಕಾತಿಯಲ್ಲಿ, ನಿವೃತ್ತಿಯಲ್ಲಿ ವಯಸ್ಸಿನ ಕಾರಣಕ್ಕೆ ಭೇದ ಮಾಡಬಾರದೆಂದು ಖಾಸಗಿ ಕಂಪನಿಗಳಿಗೆ ಹೇಳುವ ಪ್ರತ್ಯೇಕ ಕಾನೂನು ಭಾರತದಲ್ಲಿ ಇಲ್ಲ. ಸಂವಿಧಾನದ 14ನೆಯ ವಿಧಿಯ ಸಮಾನತೆಯನ್ನು ಸರ್ಕಾರದ ಅಥವಾ ಸರ್ಕಾರಿ ಸಂಸ್ಥೆಗಳ ವಿರುದ್ಧ ಎತ್ತಬಹುದು. 1981ರಲ್ಲಿ ಏರ್ ಇಂಡಿಯಾದ ಗಗನಸಖಿಯರು ತಮ್ಮ ನಿವೃತ್ತಿಯ ಷರತ್ತುಗಳನ್ನು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಿ, ಮೊದಲ ಗರ್ಭಧಾರಣೆಯೊಡನೆ ಕೆಲಸ ಬಿಡಬೇಕೆಂಬ ಕಟ್ಟಳೆಯನ್ನು ತೆಗೆದುಹಾಕಿಸಿದ್ದು ಆ ದಾರಿಯಲ್ಲೇ. ಆಗ ಅದು ಸರ್ಕಾರದ ನಿಗಮವಾಗಿತ್ತು, ನಮ್ಮದು ಖಾಸಗಿ ಕಂಪನಿ. ಸಿವಿಲ್ ದಾವೆ ಹೂಡಿ ಗೆದ್ದರೂ ವೈಯಕ್ತಿಕ ಸೇವೆಯ ಕರಾರನ್ನು ನ್ಯಾಯಾಲಯ ಬಲವಂತವಾಗಿ ನಡೆಸಿಕೊಡುವುದಿಲ್ಲ, ಹೆಚ್ಚೆಂದರೆ ಪರಿಹಾರದ ಹಣ ಕೊಡಿಸೀತು. ಕಾರ್ಮಿಕ ಕಾನೂನಿನಡಿ ಹೋಗೋಣವೆಂದರೆ ಕ್ಯಾಪ್ಟನ್ ‘ಕೆಲಸಗಾರ’ನೋ ಮೇಲ್ವಿಚಾರಕನೋ ಎಂಬ ತಕರಾರಿನಲ್ಲೇ ವರ್ಷಗಳು ಹೋಗುತ್ತವೆ, ಅಷ್ಟರಲ್ಲಿ ನನಗೆ ಅರವತ್ತೈದೂ ದಾಟಿರುತ್ತದೆ.

ಬೇರೆ ದೇಶಗಳಲ್ಲಿ ಇದ್ದಿದ್ದರೆ ಏನಾಗುತ್ತಿತ್ತು ಎಂಬ ಕುತೂಹಲಕ್ಕೆ ನಾನು ಓದಿಕೊಂಡದ್ದನ್ನು ಅವರೂ ಆಸಕ್ತಿಯಿಂದ ಕೇಳಿದರು. ಅಮೆರಿಕದಲ್ಲಿ 1967ರಿಂದಲೇ ನಲವತ್ತು ದಾಟಿದ ಉದ್ಯೋಗಿಗಳನ್ನು ವಯಸ್ಸಿನ ಭೇದದಿಂದ ಕಾಪಾಡುವ ಕಾನೂನಿದೆ. ಆದರೂ ಕಾರ್ಪೊರೇಟ್ ಪೈಲಟ್‌ಗಳಿಗೆ ಅಲ್ಲಿ ಜಯವೇ ಆಯಿತೆಂದು ತಿಳಿಯಬಾರದು. ತೈಲ ಕಂಪನಿ ಎಕ್ಸಾನ್ ಮೊಬಿಲ್ ತನ್ನ ಸ್ವಂತ ವಿಮಾನಗಳ ಪೈಲಟ್‌ಗಳಿಗೆ ಅರವತ್ತರ ಮಿತಿ ಇಟ್ಟುಕೊಂಡಿತ್ತು. ಅಲ್ಲಿನ ಸರ್ಕಾರದ ಸಮಾನ ಉದ್ಯೋಗಾವಕಾಶ ಆಯೋಗ 2006ರಲ್ಲಿ ದಾವೆ ಹೂಡಿತು. ಆ ಪೈಲಟ್‌ಗಳ ಕೆಲಸ ವಿಮಾನಯಾನ ಸಂಸ್ಥೆಗಳ ಪೈಲಟ್‌ಗಳ ಕೆಲಸವನ್ನೇ ಹೋಲುತ್ತದೆ, ಅಲ್ಲಿನ ಸರ್ಕಾರಿ ಮಿತಿಯನ್ನು ಕಂಪನಿ ಅನುಸರಿಸಿದ್ದು ಸಕಾರಣವಾದುದು ಎಂಬ ನೆಲೆಯಲ್ಲಿ 2014ರಲ್ಲಿ ಮೇಲ್ಮನವಿ ನ್ಯಾಯಾಲಯವೂ ಕಂಪನಿಯ ಪರವಾಗಿಯೇ ನಿಂತಿತು. ಯುರೋಪಿನ ನ್ಯಾಯಾಲಯವಾದರೋ 2011ರಲ್ಲಿ, ಕಾನೂನು ಅರವತ್ತೈದರವರೆಗೆ ಅವಕಾಶ ಕೊಟ್ಟಿರುವಾಗ ಜರ್ಮನಿಯ ವಿಮಾನಯಾನ ಸಂಸ್ಥೆ ಲುಫ್ತಾನ್ಸಾದ ಸಾಮೂಹಿಕ ಒಪ್ಪಂದ ಅರವತ್ತಕ್ಕೇ ಇಳಿಸುವುದು ಸಲ್ಲದು ಎಂದಿತು. 2017ರ ಇನ್ನೊಂದು ತೀರ್ಪಿನಲ್ಲಿ ಅರವತ್ತೈದರ ಮಿತಿಯನ್ನು ಎತ್ತಿಹಿಡಿಯಿತು. ಗೆರೆಯೇ ಇರಬಾರದೆಂದು ಈ ಯಾವ ನ್ಯಾಯಾಲಯವೂ ಹೇಳಿಲ್ಲ. ಗೆರೆ ಎಳೆದವರು ಅದು ಎಲ್ಲಿಂದ ಬಂತೆಂದು ತೋರಿಸಬೇಕು ಎಂದು ಕೇಳಿವೆ. ನನ್ನ ಕಂಪನಿಯನ್ನು ಹಾಗೆ ಕೇಳುವವರು ಇಲ್ಲಿ ನನ್ನ ಹೊರತು ಯಾರೂ ಇರಲಿಲ್ಲ.

ಇನ್ನೊಂದು ವಾದ ಕಂಪನಿಯಿಂದ ಬರಲಿಲ್ಲ, ನನ್ನ ಬಲಗಡೆಯ ಆಸನದಿಂದ ಬಂತು. ನಮ್ಮ ಕೋ-ಪೈಲಟ್ ಶ್ರೀರಂಗಪಟ್ಟಣದ ಕಡೆಯ ಹುಡುಗ. ಅಪ್ಪ ಗದ್ದೆ ಅಡ ಇಟ್ಟು ತರಬೇತಿ ಕೊಡಿಸಿದ್ದರು, ಸಾಲ ಇನ್ನೂ ತೀರಿರಲಿಲ್ಲ. ಕ್ಯಾಪ್ಟನ್ ಆಗಲು ಬೇಕಾದ ಗಂಟೆಗಳೆಲ್ಲ ಅವನಲ್ಲಿದ್ದವು, ಆಸನ ಮಾತ್ರ ಖಾಲಿ ಇರಲಿಲ್ಲ. “ಸರ್, ನೀವು ಇನ್ನೈದು ವರ್ಷ ಇದ್ದರೆ ನಾನು ಬೇರೆ ಕಡೆ ನೋಡಬೇಕಾಗುತ್ತೆ. ನಿಮ್ಮ ವಿರುದ್ಧ ಅಂತಲ್ಲ, ಆದರೆ ಹೇಳದೇ ಇರೋಕೆ ಆಗಲಿಲ್ಲ” ಎಂದ. ಡಿಜಿಸಿಎ, ವಿಮೆ, ಹೃದಯ ಎಲ್ಲಕ್ಕೂ ನನ್ನಲ್ಲಿ ಉತ್ತರವಿತ್ತು, ಇದಕ್ಕೆ ಇರಲಿಲ್ಲ. ಅಮೆರಿಕದ ಪೈಲಟ್‌ಗಳ ದೊಡ್ಡ ಸಂಘ 2007ರವರೆಗೂ ಅರವತ್ತರ ಮಿತಿಯ ಪರವಾಗಿ ನಿಂತದ್ದು, ಈಚೆಗೆ ಅರವತ್ತೇಳಕ್ಕೆ ಏರಿಸುವ ಪ್ರಸ್ತಾಪವನ್ನು ವಿರೋಧಿಸಿದ್ದು ನೆನಪಾಯಿತು. ಸುರಕ್ಷತೆಯ ಮಾತು ಅಲ್ಲಿಯೂ ಇದೆ; ಜೊತೆಗೆ ಹಿರಿತನದ ಸರತಿಯಲ್ಲಿ ಕಾಯುವವರೂ ಇದ್ದಾರೆ. ಕಾಯುವವನಿಗೆ ಅನ್ಯಾಯವಾಗದಂತೆ ಹಿರಿಯನಿಗೂ ಅನ್ಯಾಯವಾಗದಿರುವ ದಾರಿಯನ್ನು ಕಂಪನಿಗಳು ಹುಡುಕುವುದಿಲ್ಲ, ಏಕೆಂದರೆ ಅಂಕಿಯೊಂದಿದ್ದರೆ ಹುಡುಕುವ ಶ್ರಮವೇ ಉಳಿಯುತ್ತದೆ.

ಆ ಮಾತಿನಿಂದಲೇ ನನಗೆ ಒಂದು ದಾರಿ ಹೊಳೆಯಿತು. ಕ್ಯಾಪ್ಟನ್ ಕೂರುವ ಎಡ ಆಸನವನ್ನು ಅವನಿಗೆ ಬಿಟ್ಟು ನಾನೇ ಬಲಕ್ಕೆ ಸರಿದರೆ? ಇದಕ್ಕೂ ಹಳೆಯ ಮೇಲ್ಪಂಕ್ತಿ ಇತ್ತು: ಅಮೆರಿಕದ ವೆಸ್ಟರ್ನ್ ಏರ್ ಲೈನ್ಸ್‌ನ ಕ್ಯಾಪ್ಟನ್‌ಗಳು ಅರವತ್ತಾದಾಗ ವಿಮಾನ ಹಾರಿಸದೆ ಅದರ ಯಂತ್ರಗಳನ್ನು ನೋಡಿಕೊಳ್ಳುವ ಫ್ಲೈಟ್ ಎಂಜಿನಿಯರ್ ಆಸನಕ್ಕೆ ಇಳಿದು ಕೆಲಸ ಮುಂದುವರಿಸಲು ಕೇಳಿದ್ದರು, ಸಂಸ್ಥೆ ನಿರಾಕರಿಸಿತ್ತು, 1985ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಒಮ್ಮತದಿಂದ ಸಂಸ್ಥೆಯ ವಿರುದ್ಧ ತೀರ್ಪು ಕೊಟ್ಟಿತ್ತು. ನಾನು ಹೊಸ ಮನವಿ ಬರೆದೆ. ಅರವತ್ತರ ನಂತರ ಒಂದು ವರ್ಷದ ಕರಾರಿನ ಮೇಲೆ ಕೋ-ಪೈಲಟ್ ಆಗಿ ಮುಂದುವರಿಯುತ್ತೇನೆ. ಹೊಸ ಕ್ಯಾಪ್ಟನ್‌ಗೆ ಜೊತೆಗಿದ್ದು ಮೇಲ್ವಿಚಾರಣೆಯ ಹಾರಾಟಗಳನ್ನು ಮುಗಿಸಿಕೊಡುತ್ತೇನೆ. ಕರಾರಿನ ನವೀಕರಣ ನನ್ನ ಮೆಡಿಕಲ್ ಮತ್ತು ಕೌಶಲ ಪರೀಕ್ಷೆಯನ್ನು ಅವಲಂಬಿಸಿರಲಿ, ಹುಟ್ಟಿದ ದಿನಾಂಕವನ್ನಲ್ಲ.

ಇದನ್ನು ಒಪ್ಪಿದ್ದು ಅಧ್ಯಕ್ಷರು. ಮೈಸೂರಿನ ಅತಿಥಿಗೃಹದಲ್ಲಿ ಕಾಫಿಯ ಹೊತ್ತಿಗೆ ಹತ್ತು ನಿಮಿಷವೂ ಹಿಡಿಯಲಿಲ್ಲ. ತಿಂಗಳುಗಟ್ಟಲೆ ಪತ್ರ ಬರೆದದ್ದಕ್ಕಿಂತ ಎದುರಿಗೆ ಕೂತು ಒಂದು ಕಾಗದ ತೋರಿಸಿದ್ದೇ ಹೆಚ್ಚು ಕೆಲಸ ಮಾಡಿತೆಂದು ಹೇಳಲು ನನಗೆ ಸಂಕೋಚವಾಗುತ್ತದೆ, ಆದರೆ ನಡೆದದ್ದು ಹಾಗೆಯೇ. ಇಂಥ ಸಣ್ಣ ವಿಭಾಗಗಳಲ್ಲಿ ನಿಯಮವೂ ಮಾಲೀಕರದ್ದು, ವಿನಾಯಿತಿಯೂ ಮಾಲೀಕರದ್ದು. ಅಧ್ಯಕ್ಷರಿಗೆ ನನ್ನ ಪರಿಚಯ ಇಲ್ಲದಿದ್ದರೆ, ಅಥವಾ ಅವರಿಗೆ ನಾನು ಅಷ್ಟಕ್ಕಷ್ಟೇ ಆಗಿದ್ದರೆ, ಅದೇ ಕಾಗದ ಅದೇ ಮೇಜಿನ ಮೇಲೆ ಉಳಿಯುತ್ತಿತ್ತು. ನನಗೆ ಸಿಕ್ಕದ್ದನ್ನು ಹಕ್ಕೆಂದು ಕರೆಯಲಾರೆ.

ಬೆಲೆಯನ್ನೂ ತೆರಬೇಕಾಯಿತು. ಅರವತ್ತು ತುಂಬಿದ ತಿಂಗಳ ಕೊನೆಗೆ ನಿವೃತ್ತಿಯ ವಿಧಿಗಳೆಲ್ಲ ನಡೆದವು. 1972ರ ಕಾಯ್ದೆಯಂತೆ ವರ್ಷಕ್ಕೆ ಹದಿನೈದು ದಿನದ ವೇತನದ ಲೆಕ್ಕದಲ್ಲಿ ಗ್ರಾಚ್ಯುಯಿಟಿ ಬಂತು, ಇಪ್ಪತ್ತು ಲಕ್ಷದ ಮಿತಿಗೆ ನಿಂತಿತು. ಮರುದಿನದಿಂದ ಸಲಹೆಗಾರನೆಂಬ ಹೆಸರು, ಕಡಿಮೆ ಸಂಭಾವನೆ, ಕುಟುಂಬದ ಆರೋಗ್ಯ ವಿಮೆ ಇಲ್ಲ, ಹಾರಾಟ ಇಲ್ಲದ ತಿಂಗಳಲ್ಲಿ ಭತ್ಯೆ ಇಲ್ಲ. ಅರವತ್ತು ದಾಟಿದ್ದರಿಂದ ಮೆಡಿಕಲ್ ಆರು ತಿಂಗಳಿಗೊಮ್ಮೆ, ಅದರ ಖರ್ಚು ನನ್ನದೇ. ಇದೇ ಷರತ್ತುಗಳನ್ನು ಸಾಲ ಇರುವ ಹಿರಿಯ ಪೈಲಟ್ ಒಬ್ಬರು ಒಪ್ಪಲಾರರು, ಒಪ್ಪಬೇಕೆಂದು ನಾನೂ ಹೇಳುವುದಿಲ್ಲ. ಬಲ ಆಸನ ನನಗೆ ಕಷ್ಟವೆನಿಸಲಿಲ್ಲ. ಎರಡನೆಯ ಸಲ ಕರೆಯಬೇಕಾದವನು ಈಗ ನಾನು ಎಂಬ ಅರಿವು ಮೊದಮೊದಲು ಸ್ವಲ್ಪ ಬಿಗಿಯಾಗಿತ್ತು, ಆಮೇಲೆ ರೂಢಿಯಾಯಿತು.

ಕರಾರು ಒಮ್ಮೆ ನವೀಕರಣವಾಯಿತು. ಆ ಸಲ ಎಚ್‌ಆರ್ ವಿಭಾಗ ಕಳುಹಿಸಿದ ಕರಡಿನಲ್ಲಿ ‘ಅರವತ್ತೆರಡು ವರ್ಷ ತುಂಬುವವರೆಗೆ’ ಎಂಬ ಸಾಲು ಮತ್ತೆ ನುಸುಳಿತ್ತು. ವಕೀಲ ಗೆಳೆಯರು ಅದನ್ನು ಹೊಡೆದುಹಾಕಿ, ‘ಚಾಲ್ತಿಯಲ್ಲಿರುವ ವೈದ್ಯಕೀಯ ಪ್ರಮಾಣಪತ್ರ ಹಾಗೂ ಕೌಶಲ ಪರೀಕ್ಷೆ ಇರುವವರೆಗೆ, ಕಾನೂನಿನ ಮಿತಿಗೆ ಒಳಪಟ್ಟು’ ಎಂದು ಬರೆದು ಕಳುಹಿಸಿದರು. ಮರುಮಾತಿಲ್ಲದೆ ಅದು ಸಹಿಯಾಗಿ ಬಂತು.

ಅದೇ ಲಕೋಟೆಗಳ ಜೊತೆ ನಮ್ಮ ಹೊಸ ಕ್ಯಾಪ್ಟನ್‌ನ ಬಡ್ತಿಯ ಪತ್ರವೂ ಇತ್ತು. ಅವನು ನನ್ನೆದುರಿಗೇ ತೆರೆದು ಓದಿದ. ಎರಡನೆಯ ಪುಟದಲ್ಲಿ ನಿವೃತ್ತಿ ವಯಸ್ಸು ಅರವತ್ತು ಎಂದು ಈ ಸಲ ಸ್ಪಷ್ಟವಾಗಿಯೇ ಅಚ್ಚಾಗಿತ್ತು. ಸಹಿ ಮಾಡುವ ಮೊದಲು ಇದನ್ನು ಬದಲಿಸಿಕೊಡಿ ಎಂದು ಕೇಳು, ಈಗ ಅವರಿಗೆ ನಿನ್ನ ಅಗತ್ಯವಿದೆ, ಮುಂದೆ ಕೇಳಿದರೆ ಕೊಡುವುದಿಲ್ಲ ಎಂದೆ. “ಸರ್, ನನಗಿನ್ನೂ ಮೂವತ್ತನಾಲ್ಕು” ಎಂದು ನಕ್ಕು, ನನ್ನದೇ ಪೆನ್ನು ಇಸಿದುಕೊಂಡು ಸಹಿ ಹಾಕಿದ.